ಕಸಿಯಾದವರ ಮನೆಗೆ ನೆಗಡಿ ಬಂದಾಗ

2025ರ ಜನವರಿ 6ರಂದು ಬೆಂಗಳೂರಿನ ಎರಡು ಶಿಶುಗಳ ಜತೆಗೇ ಅಹಮದಾಬಾದಿನಲ್ಲಿದ್ದ ಎರಡು ತಿಂಗಳ ಮಗುವಿನಲ್ಲೂ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಪತ್ತೆಯಾದ ಸುದ್ದಿ ಬಂತು. ಹೆಚ್ಚಿನವರಿಗೆ ಅದು ಬರೀ ನೆಗಡಿ ಎಂದು ತಿಳಿದ ಮೇಲೆ ಗಾಬರಿ ಇಳಿಯಿತು, ಸರಿಯೇ.

ಆದರೆ ಆಕರಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಂಡ ವಯಸ್ಕರ ಪಾಡು ಬೇರೆ. ಕಸಿಗೆ ಮುನ್ನ ಕೊಡುವ ಕಿಮೊಥೆರಪಿ ಇದ್ದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಹೊಸದು ಬೇರೂರಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಅಷ್ಟರೊಳಗೆ ಫ್ಲೂ, ಆರ್‌ಎಸ್‌ವಿ ಅಥವಾ ಎಚ್‌ಎಂಪಿವಿ ವೈರಸ್ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಫ್ಲೂಗಾದರೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ; ಎಚ್‌ಎಂಪಿವಿಗೆ ಲಸಿಕೆಯೂ ಇಲ್ಲ, ನಿರ್ದಿಷ್ಟ ಔಷಧವೂ ಇಲ್ಲ.

ಅಹಮದಾಬಾದಿನಲ್ಲಿ ಕಸಿ ಮುಗಿಸಿ ವಡೋದರಾ, ಸೂರತ್‌ಗೆ ಮರಳಿದವರ ಮನೆಯ ತಾರಸಿಯೂ ಉತ್ತರಾಯಣ ಹಬ್ಬದ ದಿನ ಗಾಳಿಪಟ ಹಾರಿಸುವವರಿಂದ ತುಂಬುತ್ತದೆ. ಅಂಥ ದಿನವೂ ಕೆಮ್ಮುವ ನೆಂಟರನ್ನು ದೂರವಿಡಲು ಸಂಕೋಚಪಡಬಾರದು. ರೋಗಿಯ ಮನೆಮಂದಿಗೆಲ್ಲ ಪ್ರತಿವರ್ಷ ಫ್ಲೂ ಲಸಿಕೆಯನ್ನು ಸರ್ಕಾರವೇ ಉಚಿತವಾಗಿ ಕೊಡಬೇಕು.