ಬಿಳಿ ಕಲೆಗೆ ಹೆಸರಿಡುವ ಅವಸರ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಕನ್ನಡಿಗರೊಬ್ಬರು ಮಗಳ ಎಂಆರ್‌ಐ ಫಿಲ್ಮ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದರು. ‘ಡಾಕ್ಟ್ರೇ, ಕತ್ತಿನ ಹುರಿಯಲ್ಲಿ ಎರಡು ಬಿಳಿ ಕಲೆ ಇವೆಯಂತೆ. ಎಂಎಸ್ ಅಂತ ಬರೆದಿದ್ದಾರೆ. ಮಾತ್ರೆ ಶುರು ಮಾಡಬಹುದಾ?’

ಖರ್ಚು ಉಳಿಸಲು ಕತ್ತಿನ ಭಾಗವನ್ನಷ್ಟೇ ಸ್ಕ್ಯಾನ್ ಮಾಡಿಸಿದ್ದರು. ಮಿದುಳು ಮತ್ತು ಇಡೀ ಬೆನ್ನುಹುರಿಯನ್ನು ನೋಡಿದಾಗ ಎದೆಯ ಮಟ್ಟದಲ್ಲಿ ನಾಲ್ಕು ಕಶೇರುಗಳುದ್ದಕ್ಕೂ, ಹುರಿಯ ನಟ್ಟನಡುವೆ, ಇನ್ನೊಂದು ಕಲೆಯಿತ್ತು. ರಕ್ತದಲ್ಲಿ ಆಕ್ವಾಪೊರಿನ್-4 ಪ್ರತಿಕಾಯವೂ ಸಿಕ್ಕಿತು. ಅದು ಎಂಎಸ್ ಅಲ್ಲ, ಎನ್‌ಎಂಒ. ಎಂಎಸ್‌ಗೆ ಕೊಡುವ ಫಿಂಗೊಲಿಮೋಡ್, ಇಂಟರ್‌ಫೆರಾನ್‌ನಂಥ ಔಷಧಗಳು ಈ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲವು. ಒಂದೇ ದಾಳಿಯಲ್ಲಿ ಕಣ್ಣೋ ಕಾಲೋ ಹೋಗಬಹುದು.

ಎಂಆರ್‌ಐನಲ್ಲಿ ಬಿಳಿ ಎಂದರೆ ಅಲ್ಲಿ ನೀರಿನಂಶ ಹೆಚ್ಚಾಗಿದೆ ಎಂದಷ್ಟೇ. ಕಾರಣವನ್ನು ಅದು ಹೇಳುವುದಿಲ್ಲ, ನಾವು ಓದಿಕೊಳ್ಳಬೇಕು. ಎಂಎಸ್ ಕಲೆಗಳು ಸಾಮಾನ್ಯವಾಗಿ ಗಿಡ್ಡ, ಎರಡು ಕಶೇರು ದಾಟುವುದಿಲ್ಲ, ಹುರಿಯ ಅಂಚಿನಲ್ಲಿರುತ್ತವೆ. ಎನ್‌ಎಂಒ ಮೂರು ಅಥವಾ ಹೆಚ್ಚು ಕಶೇರುಗಳಷ್ಟು ಉದ್ದ. ಎಂಒಜಿ ಕಾಯಿಲೆ ಹುರಿಯ ತುದಿಯನ್ನು ಹಿಡಿಯುವುದುಂಟು. ಬಿ12 ಕೊರತೆಯಲ್ಲಿ ಹಿಂಭಾಗದಲ್ಲಿ ತಲೆಕೆಳಗಾದ ‘ವಿ’ ಆಕಾರ ಕಾಣುತ್ತದೆ. ಐರೋಲಿಯ ಐಟಿ ಕಂಪನಿಗಳ ನಮ್ಮ ಸಸ್ಯಾಹಾರಿ ಹುಡುಗರಲ್ಲಿ ಇದನ್ನು ಮರೆಯಬಾರದು, ಚುಚ್ಚುಮದ್ದಿನಲ್ಲಿ ಮುಗಿಯುವ ಕಾಯಿಲೆಯದು. ಔಷಧ ಕೊಟ್ಟಾಗ ಉಂಗುರದಂತೆ ಹೊಳೆದರೆ, ನಮ್ಮ ದೇಶದಲ್ಲಿ ಕ್ಷಯವನ್ನು ಮೊದಲು ನೆನೆಯಬೇಕು.

ಇಷ್ಟಾದರೂ ತಪ್ಪುತ್ತದೆ. ಎನ್‌ಎಂಒದ ಉದ್ದ ಕಲೆ ವಾಸಿಯಾಗುತ್ತಾ ತುಂಡುತುಂಡಾಗಿ ಎಂಎಸ್‌ನಂತೆ ಕಾಣಬಹುದು. ಎಂಒಜಿ ಕಲೆ ಮಾಯವಾಗಿಬಿಡಬಹುದು. ಆಗ ದಾಳಿಯ ಹೊತ್ತಿನ ಹಳೆಯ ಫಿಲ್ಮೇ ಸಾಕ್ಷಿ, ಮತ್ತು ಅದು ಸಾಮಾನ್ಯವಾಗಿ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಅಜ್ಜಿಯ ಮನೆಯ ಮಂಚದಡಿ ಇರುತ್ತದೆ!

ಕಲ್ಯಾಣ, ಠಾಣೆ, ವಾಶಿ ಎಂದು ಪಾಳಿ ಬದಲಿಸುತ್ತಾ ವರದಿ ಬರೆಯುವ ನಾನೂ ‘ಡಿಮೈಲಿನೇಷನ್’ ಎಂದು ಗೀಚಿ ಮುಂದಿನ ರೋಗಿಗೆ ಹೋದದ್ದುಂಟು. ಆ ಪದ ವಿವರಣೆ, ರೋಗನಿರ್ಣಯವಲ್ಲ. ‘ಮೊದಲು ಪ್ರತಿಕಾಯ ಪರೀಕ್ಷೆ, ಆಮೇಲೆ ಎಂಎಸ್ ಮಾತ್ರೆ’ ಎಂದು ನಾವು ವರದಿಯಲ್ಲೇ ಬರೆಯಬೇಕು.

2004ರಲ್ಲಿ ಮೇಯೋ ಕ್ಲಿನಿಕ್ ತಂಡ ಎನ್‌ಎಂಒದ ಪ್ರತಿಕಾಯವನ್ನು ಗುರುತಿಸುವವರೆಗೆ ಅನೇಕರು ಅದನ್ನು ಎಂಎಸ್‌ನ ರೂಪವೆಂದೇ ಎಣಿಸಿದ್ದರು. ನಮ್ಮವರಿಗೆ ಹೆಮ್ಮೆಯ ಸಂಗತಿಯೊಂದಿದೆ. ಇಂಥ ರೋಗಿಗಳ ದಾಖಲೆಯನ್ನು ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ವರ್ಷಗಳಿಂದ ಕಟ್ಟಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಮಂಗಳೂರು ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು 8 ಎಂಎಸ್, 2.6 ಎನ್‌ಎಂಒ. ಮೂರು ಎಂಎಸ್‌ಗೆ ಒಂದು ಎನ್‌ಎಂಒ! ಯುರೋಪಿನ ಪುಸ್ತಕ ಓದಿ ಇಲ್ಲಿ ವರದಿ ಬರೆದರೆ ಆಗದು.

ಆ ಹುಡುಗಿ ಈಗ ಆರು ತಿಂಗಳಿಗೊಮ್ಮೆ ಡ್ರಿಪ್ ತೆಗೆದುಕೊಂಡು ಠಾಣೆಗೆ ಲೋಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಪ್ರತಿ ಸಲವೂ ಅಪ್ಪ ಎಲ್ಲ ಫಿಲ್ಮ್‌ಗಳನ್ನೂ ತರುತ್ತಾರೆ, ಅದೇ ಚೀಲದಲ್ಲಿ.