ಇದು ಪರೀಕ್ಷೆಯಲ್ಲವಂತೆ, ಬರೀ ‘ಇಂಟರಾಕ್ಷನ್’ ಅಂತೆ

ನರ್ಸರಿಗೆ ಸೇರುವ ಮಕ್ಕಳಿಗೆ ಪ್ರವೇಶ ಪರೀಕ್ಷೆ ಇದೆಯೇ ಎಂದು ದೊಡ್ಡ ಊರುಗಳ ಖಾಸಗಿ ಶಾಲೆಗಳನ್ನು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಛೆ, ಪರೀಕ್ಷೆಯೇನಿಲ್ಲ, ಸುಮ್ಮನೆ ಇಂಟರಾಕ್ಷನ್. ಆ ಇಂಟರಾಕ್ಷನ್ನಿನಲ್ಲಿ ಒಂದು ಮೇಜು, ಮೇಜಿನಾಚೆ ಮಗು ಹಿಂದೆಂದೂ ನೋಡಿರದ ಒಬ್ಬರು, ಅವರ ಕೈಯಲ್ಲಿ ಚಿತ್ರದ ಕಾರ್ಡು, ಪಕ್ಕದಲ್ಲಿ ಟಿಕ್ ಹಾಕುವ ಹಾಳೆ. ಕೆಲವು ದಿನಗಳ ಮೇಲೆ ಒಂದು ಪಟ್ಟಿ ಬರುತ್ತದೆ. ಕೆಲವರ ಹೆಸರು ಅದರಲ್ಲಿರುತ್ತದೆ, ಕೆಲವರದು ಇರುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಪರೀಕ್ಷೆ ಎನ್ನುತ್ತಾರೆ.

ಈ ಪರೀಕ್ಷೆ ಅಳೆಯುವುದೇನನ್ನು? ಪುಣೆಯಲ್ಲಿ ಬೆಳೆಯುತ್ತಿರುವ ಒಂದು ಕನ್ನಡದ ಮಗುವನ್ನು ಊಹಿಸಿಕೊಳ್ಳಿ. ಕಾರ್ಡಿನಲ್ಲಿ ನೇರಳೆ ಬಣ್ಣದ ತರಕಾರಿ. ಅಜ್ಜಿಯ ಹತ್ತಿರ ಅದು ಬದನೆಕಾಯಿ, ಪಕ್ಕದ ಮನೆಯ ಕಾಕುವಿನ ಹತ್ತಿರ ವಾಂಗಿ. (ನಮ್ಮ ವಾಂಗಿಬಾತಿನಲ್ಲಿ ಇರುವುದೂ ಅದೇ ಮರಾಠಿ ವಾಂಗಿ.) ಒಂದು ವಸ್ತುವಿಗೆ ಎರಡು ಹೆಸರು, ಯಾರ ಮುಂದೆ ಯಾವುದನ್ನು ಆಡಬೇಕೆಂಬ ತಿಳಿವಳಿಕೆ, ಎರಡೂ ಆ ಮಗುವಿಗಿವೆ. ಮೇಜಿನಾಚೆಯವರಿಗೆ ಬೇಕಿರುವುದು ‘ಬ್ರಿಂಜಾಲ್’. ಮಗು ಸುಮ್ಮನಾಗುತ್ತದೆ. ಹಾಳೆಯಲ್ಲಿ ಬೀಳುವ ಗುರುತು: ತರಕಾರಿ ಗುರುತಿಸಲಾರದು. ಅಳೆದದ್ದು ಮಗುವನ್ನಲ್ಲ, ಮನೆಯಲ್ಲಿ ಇಂಗ್ಲಿಷ್ ಎಷ್ಟಿದೆ ಎಂಬುದನ್ನು. ಅದನ್ನು ತಿಳಿಯಲು ಮಗುವನ್ನು ಕೂರಿಸಬೇಕಿರಲಿಲ್ಲ, ಅಪ್ಪ-ಅಮ್ಮನ ಅರ್ಜಿ ನೋಡಿದ್ದರೆ ಸಾಕಿತ್ತು.

ಭಾಷಾವಿಜ್ಞಾನ ಓದಿದವರೆಲ್ಲರಿಗೂ ಗೊತ್ತಿರುವ ಒಂದು ಪ್ರಸಂಗವಿದೆ. 1960ರ ದಶಕದಲ್ಲಿ ವಿಲಿಯಂ ಲಬೋವ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಮಕ್ಕಳ ಮಾತನ್ನು ದಾಖಲಿಸುತ್ತಿದ್ದರು. ಅಲ್ಲಿನ ಮಕ್ಕಳಿಗೆ ಭಾಷೆಯೇ ಸರಿಯಾಗಿಲ್ಲ ಎಂದು ಶಿಕ್ಷಣ ಪಂಡಿತರು ಪರೀಕ್ಷೆಗಳನ್ನು ಮುಂದಿಟ್ಟು ವಾದಿಸುತ್ತಿದ್ದ ಕಾಲವದು. ಎಂಟು ವರ್ಷದ ಲಿಯಾನ್ ಎಂಬ ಹುಡುಗ ಸಂದರ್ಶನದಲ್ಲಿ ಒಂದೆರಡು ಪದ ಬಿಟ್ಟರೆ ಬಾಯಿ ಬಿಡಲಿಲ್ಲ. ಸಂದರ್ಶಕರಾದ ಕ್ಲಾರೆನ್ಸ್ ರಾಬಿನ್ಸ್ ಅದೇ ಸಮುದಾಯದವರು, ಆದರೂ ಹೀಗೆ. ಮುಂದಿನ ಸಲ ರಾಬಿನ್ಸ್ ಆಲೂ ಚಿಪ್ಸ್ ತಂದರು, ಲಿಯಾನನ ಗೆಳೆಯನನ್ನೂ ಕರೆತಂದರು, ನೆಲದ ಮೇಲೆ ಕೂತರು. ಹುಡುಗರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಹುಡುಗ ಅದೇ, ಭಾಷೆ ಅದೇ. ಬದಲಾದದ್ದು ಕೂತ ರೀತಿ. ಎಂಟು ವರ್ಷದವನ ಬಾಯನ್ನೇ ಕಟ್ಟಿಹಾಕಿದ ಏರ್ಪಾಟು ಮೂರು ವರ್ಷದ ಮಗುವನ್ನು ಮಾತಾಡಿಸೀತು ಎಂದು ನಂಬುವುದು ಹೇಗೆ?

ಇದರ ಪೆಟ್ಟು ಬೀಳುವುದು ಮನೆಯ ಮೇಲೆ. ಪ್ರವೇಶದ ಕಾಲ ಹತ್ತಿರವಾದಂತೆ ಮುಂಬೈ, ಹೈದರಾಬಾದ್, ದೆಹಲಿಯ ಎಷ್ಟೋ ಕನ್ನಡ ಮನೆಗಳಲ್ಲಿ ‘ಚಪ್ಪಲಿ ಹಾಕ್ಕೋ’ ಹೋಗಿ ‘ಶೂಸ್ ವೇರ್ ಮಾಡು’ ಬರುತ್ತದೆ. ಅಜ್ಜಿಗೂ ಸೂಚನೆ ಹೋಗುತ್ತದೆ: ಸ್ವಲ್ಪ ದಿನ ಇಂಗ್ಲಿಷಿನಲ್ಲೇ ಮಾತಾಡಿ. ಆ ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಎರಡು ಭಾಷೆ ಮಗುವನ್ನು ಗೊಂದಲಕ್ಕೀಡುಮಾಡುತ್ತದೆ ಎಂಬ ಸಮರ್ಥನೆಯೂ ಸಿದ್ಧವಿರುತ್ತದೆ. ಅದಕ್ಕೆ ಆಧಾರವಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆಯುವ ಎಳೆಯರ ಪದಸಂಪತ್ತನ್ನು ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 1993ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ: ಎರಡೂ ಭಾಷೆ ಸೇರಿಸಿ ಎಣಿಸಿದರೆ ಅವರು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದಿರಲಿಲ್ಲ. ಕೊರತೆ ಇದ್ದದ್ದು ಒಂದೇ ಭಾಷೆಯನ್ನು ಎಣಿಸುವ ಲೆಕ್ಕದಲ್ಲಿ.

ಇದೆಲ್ಲ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. 1989ರಲ್ಲಿ ಶಾಲಾಚೀಲದ ಭಾರದ ಬಗ್ಗೆ ರಾಜ್ಯಸಭೆಯಲ್ಲಿ ಮಾತೆತ್ತಿದ್ದು ಮೈಸೂರಿನ ಆರ್. ಕೆ. ನಾರಾಯಣ್. ಆ ಚರ್ಚೆಯ ಬೆನ್ನಿಗೆ ಬಂದ ಯಶಪಾಲ್ ಸಮಿತಿ, ನರ್ಸರಿ ಪ್ರವೇಶದ ಪರೀಕ್ಷೆ-ಸಂದರ್ಶನಗಳನ್ನು ರದ್ದುಮಾಡಿ ಎಂದು 1993ರಲ್ಲಿ ಬರೆದುಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಮಕ್ಕಳನ್ನು ಸೋಸಿ ಆರಿಸುವುದನ್ನು ನಿಷೇಧಿಸಿ, ಮೊದಲ ಸಲಕ್ಕೆ 25,000, ನಂತರದ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ ಇಟ್ಟಿದೆ. ಆದರೆ ಕಾಯ್ದೆಯ ಮಗುವಿಗೆ ವಯಸ್ಸು 6ರಿಂದ 14. ಬಾಗಿಲು ತೆರೆಯುವುದೂ ಮುಚ್ಚುವುದೂ ಮೂರನೇ ವರ್ಷದಲ್ಲಿ. 2013ರಲ್ಲಿ ದೆಹಲಿ ಹೈಕೋರ್ಟು, 25% ಮೀಸಲು ಸೀಟು ಬಿಟ್ಟು ಉಳಿದ ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ಅನ್ವಯಿಸದು ಎಂದಿತು. ಇಂಥ ಸೋಸುವಿಕೆಯನ್ನು ನರ್ಸರಿಯಲ್ಲೂ ತಡೆಯಲು ದೆಹಲಿ ವಿಧಾನಸಭೆ 2015ರಲ್ಲಿ ಒಪ್ಪಿದ ಮಸೂದೆ ವರ್ಷಗಟ್ಟಲೆ ಕಾನೂನಾಗದೆ ಕೂತಿತು.

ಮಗುವಿಗೆ ಏನಾದರೂ ತೊಂದರೆ ಇದ್ದರೆ ಬೇಗ ತಿಳಿಯಬೇಡವೇ ಎಂದು ಶಾಲೆಯವರು ಕೇಳುತ್ತಾರೆ. ತಿಳಿಯಬೇಕು. ಕಿವಿ ಪರೀಕ್ಷಿಸಿದ ವೈದ್ಯರು ದೋಷ ಕಂಡರೆ ಚಿಕಿತ್ಸೆ ಹೇಳುತ್ತಾರೆ. ನಿಮ್ಮ ಮಗು ನಮ್ಮ ಆಸ್ಪತ್ರೆಗೆ ತಕ್ಕದ್ದಲ್ಲ ಎನ್ನುವುದಿಲ್ಲ. ಸೀಟು ಸೀಮಿತ, ಅರ್ಜಿ ಅಪಾರ, ಹೇಗಾದರೂ ಆರಿಸಲೇಬೇಕಲ್ಲ ಎಂಬ ಇನ್ನೊಂದು ವಾದಕ್ಕೆ ಉತ್ತರ ಅವರ ತರಗತಿಯಲ್ಲೇ ಕೂತಿದೆ. ನರ್ಸರಿ ಇರುವ ಶಾಲೆಗಳಲ್ಲಿ ಶಿಕ್ಷಣ ಹಕ್ಕಿನ 25% ಸೀಟು ತುಂಬುವುದು ನರ್ಸರಿಯಿಂದಲೇ. ದೆಹಲಿಯಲ್ಲೂ ಪುಣೆಯಲ್ಲೂ ಅದಕ್ಕೆ ಲಾಟರಿ ಎತ್ತುತ್ತಾರೆ. ಕಾರ್ಡಿಲ್ಲ, ಮೇಜಿಲ್ಲ, ‘ಬ್ರಿಂಜಾಲ್’ ಇಲ್ಲ. ಬಂದ ಮಗುವಿಗೆ ಅದೇ ಟೀಚರು ಅದೇ ಪಾಠ ಹೇಳುತ್ತಾರೆ. ಉಳಿದ 75% ಸೀಟಿಗೂ ಅದೇ ಡಬ್ಬದಿಂದ ಚೀಟಿ ಎತ್ತಲು ಅಡ್ಡಿಯೇನು ಎಂದು ಪ್ರವೇಶದ ಸಾಲಿನಲ್ಲಿ ನಿಂತ ಅಪ್ಪ-ಅಮ್ಮಂದಿರು ಬರವಣಿಗೆಯಲ್ಲಿ ಕೇಳಲಿ, ಶಾಲೆಯವರು ಬರವಣಿಗೆಯಲ್ಲೇ ಉತ್ತರಿಸಲಿ.