ಮನಸ್ಸಿನ ಲೆಕ್ಕ ಯಾರ ಕೈಯಲ್ಲಿ?

ಮನುಷ್ಯನು ಬೆವರುವುದು ಬಿಸಿಲಿಗೆ ಮಾತ್ರವಲ್ಲ. ಮೇಸ್ತ್ರಿ ಗದರಿಸಿದಾಗ ಅಂಗೈ ಬೆವರುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ ಏರಿದಾಗ ಬೆವರುತ್ತದೆ. ಬಹುದಿನ ಕಾದ ಸಂತೋಷದ ಸುದ್ದಿ ಬಂದಾಗಲೂ ಬೆವರುತ್ತದೆ. ಈ ಬೆವರನ್ನು ಅಳೆದು ಒಳಗಿನ ತಳಮಳವನ್ನು ಬರೆದಿಡುವ ಯಂತ್ರವು ಈಗ ಕೈಗಡಿಯಾರದಷ್ಟು ಚಿಕ್ಕದಾಗಿದೆ. ಇದೊಂದು ವಿಜ್ಞಾನದ ಕೌತುಕವೆಂದು ಓದಿ ಪಕ್ಕಕ್ಕಿಡುವ ವಿಷಯವಲ್ಲ. ದುಡಿಯುವ ಜನರಾದ ನಾವು ಇದನ್ನು ತಿಳಿದಿರಬೇಕು.

ಈ ವಿದ್ಯೆಗೆ ದಾರಿ ತೆರೆದವರಲ್ಲಿ ಮುಖ್ಯರು ಅಮೇರಿಕಾದ ಕಂಪ್ಯೂಟರ್ ವಿಜ್ಞಾನಿ ರೊಸಾಲಿಂಡ್ ಪಿಕಾರ್ಡ್. 1991ರಲ್ಲಿ ಅವರು ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೊದಲು ಅವರ ಕೆಲಸವಿದ್ದುದು ಚಿತ್ರಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವುದರಲ್ಲಿ. ಆದರೆ ಮೆದುಳಿಗೆ ಪೆಟ್ಟಾಗಿ ಭಾವನೆ ಕುಂದಿದ ರೋಗಿಗಳು, ಬುದ್ಧಿ ಚುರುಕಾಗಿದ್ದರೂ ಸಣ್ಣ ತೀರ್ಮಾನವನ್ನೂ ಮಾಡಲಾರದೆ ಹೋಗುವುದನ್ನು ವೈದ್ಯರು ಬರೆದಿದ್ದರು. ಭಾವನೆಯಿಲ್ಲದೆ ಬುದ್ಧಿ ಪೂರ್ಣವಾಗದು ಎಂಬುದು ಅದರಿಂದ ಪಿಕಾರ್ಡರಿಗೆ ಮನವರಿಕೆಯಾಯಿತು. ಹೆಂಗಸೊಬ್ಬಳು ಭಾವನೆಯ ಮಾತೆತ್ತಿದರೆ ಜೊತೆಯ ವಿಜ್ಞಾನಿಗಳು ನಕ್ಕಾರೆಂಬ ಅಂಜಿಕೆ ಅವರಿಗಿತ್ತು. ಆದರೂ ಹಿಂಜರಿಯದೆ 1997ರಲ್ಲಿ 'ಅಫೆಕ್ಟಿವ್ ಕಂಪ್ಯೂಟಿಂಗ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಇಂದು ಆ ಹೆಸರಿನ ಶಾಸ್ತ್ರವೇ ಬೆಳೆದಿದೆ. ಎಳೆಯ ಪ್ರಾಯದಲ್ಲಿ ದೇವರಿಲ್ಲವೆನ್ನುತ್ತಿದ್ದ ಇವರು ಬೈಬಲ್ ಓದಿ ಕ್ರೈಸ್ತ ವಿಶ್ವಾಸಕ್ಕೆ ಬಂದವರೆಂಬುದನ್ನು ನಮ್ಮ ಓದುಗರು ಸಂತೋಷದಿಂದ ಕೇಳಿಯಾರು. ಆದರೆ ನಾವು ಬರೆಯುತ್ತಿರುವುದು ಅದಕ್ಕಾಗಿ ಅಲ್ಲ.

ಯಂತ್ರದ ಕೆಲಸ ಸರಳ. ಮನಸ್ಸು ಕಲಕಿದಾಗ ನರಗಳು ಬೆವರಿನ ಗ್ರಂಥಿಗಳನ್ನು ಎಚ್ಚರಿಸುತ್ತವೆ. ಕಣ್ಣಿಗೆ ಕಾಣದಷ್ಟು ಬೆವರು ಬಂದರೂ ಚರ್ಮದಲ್ಲಿ ವಿದ್ಯುತ್ತು ಹೆಚ್ಚು ಸಲೀಸಾಗಿ ಹರಿಯುತ್ತದೆ. ಮಣಿಕಟ್ಟಿನ ಪಟ್ಟಿ ಇದನ್ನು ಅಳೆಯುತ್ತದೆ.

ಒಮ್ಮೆ ಪಿಕಾರ್ಡರ ವಿದ್ಯಾರ್ಥಿಯೊಬ್ಬನು ಕ್ರಿಸ್ಮಸ್ ರಜೆಗೆ ಊರಿಗೆ ಹೋಗುವಾಗ ಇಂಥ ಪಟ್ಟಿಗಳನ್ನು ಕೇಳಿ ಒಯ್ದನು. ಮಾತು ಬಾರದ ತನ್ನ ತಮ್ಮನಿಗೆ ಏನು ಕಷ್ಟವಾಗುತ್ತಿದೆಯೆಂದು ತಿಳಿಯುವುದು ಅವನ ಆಸೆ. ಬಂದ ದಾಖಲೆಯಲ್ಲಿ ಒಂದು ಕೈಯ ಗೆರೆ ಒಮ್ಮೆಲೇ ಬೆಟ್ಟದಂತೆ ಏರಿತ್ತು. ಇನ್ನೊಂದು ಕೈಯದು ಏರಿರಲಿಲ್ಲ. ಯಂತ್ರ ಕೆಟ್ಟಿದೆಯೆಂದೇ ಪಿಕಾರ್ಡ್ ಎಣಿಸಿದರು. ಫೋನ್ ಮಾಡಿ ವಿಚಾರಿಸಿದಾಗ ಅಣ್ಣನು ಡೈರಿ ನೋಡಿ ಹೇಳಿದನು: ಅದಾದ ಕೂಡಲೇ ತಮ್ಮನಿಗೆ ಜೋರಾದ ಮೂರ್ಛೆ ಬಂದಿತ್ತು. ಅಲ್ಲಿಂದ ಅವರ ಸಂಶೋಧನೆ ಮೂರ್ಛೆರೋಗದ ಕಡೆಗೆ ತಿರುಗಿತು. ಅವರು ಸೇರಿ ಕಟ್ಟಿದ ಎಂಪಾಟಿಕಾ ಕಂಪನಿಯ 'ಎಂಬ್ರೇಸ್' ಎಂಬ ಕೈಪಟ್ಟಿಗೆ 2018ರಲ್ಲಿ ಅಮೇರಿಕಾದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ರೋಗಿಗೆ ಮೂರ್ಛೆ ಬಂದರೆ ಅದು ಮನೆಯವರ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ಒಬ್ಬಂಟಿಯಾಗಿ ಮಲಗಿರುವಾಗ ಮೂರ್ಛೆ ಬಂದು ಸಾಯುವವರಿದ್ದಾರೆ. ಯಾರಾದರೂ ಓಡಿ ಬಂದರೆ ಜೀವ ಉಳಿಯಬಹುದು. ಇದನ್ನು ನಾವು ತುಂಬು ಮನಸ್ಸಿನಿಂದ ಮೆಚ್ಚುತ್ತೇವೆ.

ಆದರೆ ಅದೇ ವಿದ್ಯೆ ಇನ್ನೊಂದು ದಾರಿಯನ್ನೂ ಹಿಡಿಯಿತು. 2009ರಲ್ಲಿ ಪಿಕಾರ್ಡ್ ಮತ್ತು ರಾನಾ ಎಲ್ ಕಲಿಯೂಬಿ ಸೇರಿ ಸ್ಥಾಪಿಸಿದ ಅಫೆಕ್ಟಿವಾ ಎಂಬ ಕಂಪನಿಯು ಕ್ಯಾಮರಾದಿಂದ ಮುಖಭಾವ ಓದುವ ಕೆಲಸವನ್ನು ಜಾಹೀರಾತಿನವರಿಗಾಗಿ ಬೆಳೆಸಿತು. ನೋಡುವವರು ನಕ್ಕರೋ ಬೇಸರಪಟ್ಟರೋ ಎಂಬುದು ಮಾರಾಟದ ಸರಕಾಯಿತು. ಬೇರೆ ಕಂಪನಿಗಳು ಇಂಥ ಉಪಾಯಗಳನ್ನು ಕೆಲಸಕ್ಕೆ ಆಳು ಆರಿಸಲಿಕ್ಕೂ, ಫೋನಿನಲ್ಲಿ ಗಿರಾಕಿಗಳೊಡನೆ ಮಾತಾಡುವ ನೌಕರರ ದನಿಯನ್ನು ತೂಗಲಿಕ್ಕೂ ಬಳಸಿದವು. ಇಲ್ಲಿಯೇ ನಮ್ಮ ತಕರಾರು ಆರಂಭವಾಗುತ್ತದೆ.

ಮೊದಲನೆಯದಾಗಿ, ಯಂತ್ರಕ್ಕೆ ಕಾಣುವುದು ಬೆವರು, ಬೆವರಿನ ಕಾರಣವಲ್ಲ. ಸಿಟ್ಟಿಗೂ ಹೆದರಿಕೆಗೂ ಹರ್ಷಕ್ಕೂ ಗೆರೆ ಏರುತ್ತದೆ. ಹೊರೆ ಹೊತ್ತು ಗುಡ್ಡ ಹತ್ತಿದರೂ ಏರುತ್ತದೆ. ಮುಖದ ಮಾತೂ ಹಾಗೆಯೇ. 2019ರಲ್ಲಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿದ್ವಾಂಸರು ಬಹಳಷ್ಟು ಸಂಶೋಧನೆಗಳನ್ನು ಜಾಲಾಡಿ, ಮುಖ ನೋಡಿ ಮನಸ್ಸನ್ನು ನಂಬಿಕೆಯಿಂದ ಹೇಳಲಾಗದೆಂದು ತೋರಿಸಿದರು. 2022ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಮುಖದಿಂದ ಭಾವನೆ ಹೇಳುವ ತನ್ನ ಸೇವೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಇಷಯನ ಮನೆಯಲ್ಲಿ ಹಿರಿಯ ಮಗನ ಮೈಕಟ್ಟು ನೋಡಿ ಪ್ರವಾದಿಯಾದ ಸಮುವೇಲನೇ ಮೋಸಹೋದನಷ್ಟೆ! ಕ್ಯಾಮರಾ ಎಷ್ಟರದು?

ಎರಡನೆಯದು ಇನ್ನೂ ದೊಡ್ಡದು. ಯಂತ್ರ ಸರಿಯಾಗಿಯೇ ಅಳೆಯಿತೆನ್ನೋಣ. ಆಳಿನ ಮನಸ್ಸು ಬಳಲಿದೆಯೆಂದು ಯಜಮಾನನಿಗೆ ತಿಳಿಯಿತು. ಆಗ ಅವನು ಹೊರೆ ಇಳಿಸುತ್ತಾನೋ, ಆಳನ್ನೇ ಇಳಿಸುತ್ತಾನೋ? ತೋಟದಲ್ಲಿ ಚಹದ ಎಲೆ ತೂಗುವಾಗ ಮುಳ್ಳು ನಮಗೂ ಕಾಣಬೇಕೆಂದು ನಾವು ಕೇಳುತ್ತೇವೆ. ಎಲೆಯ ತೂಕಕ್ಕೇ ಇಷ್ಟು ಎಚ್ಚರ ಬೇಕಾದರೆ, ಎದೆಯ ಭಾರ ತೂಗುವ ತಕ್ಕಡಿ ಒಬ್ಬನ ಕೈಯಲ್ಲೇ ಇರುವುದು ನ್ಯಾಯವೇ?

ಇದು ದೂರದ ಮಾತಲ್ಲ. ನಾಗಪುರ, ಚಂಡೀಗಢ ಮುಂತಾದ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಅವರು ಎಲ್ಲಿದ್ದಾರೆಂದು ತೋರಿಸುವ ಗಡಿಯಾರ ಕಟ್ಟಿಸಲಾಗಿತ್ತು. ಚಂಡೀಗಢದವರು 2020ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಇಂದು ಕಾಲಿನ ಜಾಡು ಹಿಡಿಯುವ ಗಡಿಯಾರವು ನಾಳೆ ಮನಸ್ಸಿನ ಜಾಡು ಹಿಡಿಯಲು ಬಹಳ ಬದಲಾವಣೆ ಬೇಕಿಲ್ಲ.

ಯುರೋಪಿನ ಒಕ್ಕೂಟವು 2024ರಲ್ಲಿ ಮಾಡಿದ ಕಾನೂನಿನಂತೆ, 2025ರ ಫೆಬ್ರವರಿ 2ರಿಂದ ಕೆಲಸದ ಸ್ಥಳದಲ್ಲೂ ಶಾಲೆಯಲ್ಲೂ ಯಂತ್ರದಿಂದ ಭಾವನೆ ಓದುವುದು ನಿಷಿದ್ಧ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ನಮ್ಮ ದೇಶದಲ್ಲಿ 2023ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯ 7ನೆಯ ಕಲಮು ಉದ್ಯೋಗದ ಉದ್ದೇಶಕ್ಕಾಗಿ, ನೌಕರನ ಒಪ್ಪಿಗೆ ಕೇಳದೆಯೇ ಅವನ ಮಾಹಿತಿ ಬಳಸಲು ಯಜಮಾನನಿಗೆ ಬಾಗಿಲು ತೆರೆದಿದೆ. ಈ ಬಾಗಿಲಿಗೆ ಅಗಳಿ ಬೇಕು.

ಲಾರಿ ಚಾಲಕನಿಗೆ ನಿದ್ದೆ ಬಂದರೆ ಎಬ್ಬಿಸುವ ಯಂತ್ರ ಬೇಡವೆಂದು ನಾವು ಹೇಳೆವು. ಅದು ಎಬ್ಬಿಸಲಿ, ಆದರೆ ಚಾಡಿ ಹೇಳದಿರಲಿ. ನಾವು ಕೇಳುವುದು ಮೂರೇ. ಪಟ್ಟಿ ಕಟ್ಟಿಕೊಳ್ಳುವುದು ಕೆಲಸಗಾರನ ಇಷ್ಟಕ್ಕೆ ಬಿಟ್ಟದ್ದಾಗಬೇಕು. ಬೇಡವೆಂದವನ ಕೂಲಿ ಕಡಿಮೆಯಾಗಬಾರದು. ಬರೆದ ಲೆಕ್ಕ ಮೊದಲು ಅವನ ಕೈಗೆ ಬರಬೇಕು. ಕೂಲಿ, ಬಡ್ತಿ, ವಜಾ ಇವುಗಳಿಗೆ ಆ ಲೆಕ್ಕ ಆಧಾರವಾಗಬಾರದು.

ಮಾತು ಬಾರದ ತಮ್ಮನ ಸಂಕಟ ಅರಿಯಲು ಅಣ್ಣನು ಆ ಪಟ್ಟಿ ಕಟ್ಟಿದನು. ಕಟ್ಟಿದ ಕೈಯಲ್ಲಿ ಪ್ರೀತಿಯಿತ್ತು. ಲೆಕ್ಕ ಮರಳಿದ್ದು ಆ ಮನೆಗೇ. ನಮ್ಮ ಕೈಗೆ ಯಾರಾದರೂ ಪಟ್ಟಿ ಕಟ್ಟಲು ಬಂದ ದಿನ ನಾವು ಕೇಳಬೇಕಾದ ಪ್ರಶ್ನೆಯೂ ಅದೇ: ಈ ಲೆಕ್ಕ ಯಾರ ಮನೆಗೆ ಹೋಗುತ್ತದೆ? ಉತ್ತರ ಬರುವ ತನಕ ಕೈ ಚಾಚುವುದು ಬೇಡ. ಸಂಘದ ಮುಂದಿನ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ.